ಕೆರೆದಂಡೆಯ ಎರಡು ಪಾಟ್ಲಿ

ಡಬ್ಬಿ ಖಾಲಿಯಾಗಿತ್ತು. ಜಾನಕೀಬಾಯಿ ಅದನ್ನು ಎರಡು ಸಲ ಬೋರಲು ಹಾಕಿ ನೋಡಿದರು. ಎರಡು ಚಿನ್ನದ ಪಾಟ್ಲಿ, ಒಟ್ಟು ನಾಲ್ಕು ತೊಲ. ಕೈ ಸೊರಗಿ ಬಳೆ ಸಡಿಲವಾಗಿದ್ದವು. ನೀರಿನಲ್ಲಿ ಜಾರಿಯಾವೆಂದು ಕಾರಿನಲ್ಲಿ ಬಿಚ್ಚಿಟ್ಟು, ಮಗಳು ಮಂಜುಷಾಳೊಂದಿಗೆ ಸ್ನಾನಕ್ಕೆ ಇಳಿದಿದ್ದರು.

ಕಲಬುರಗಿಯಿಂದ ಬೀದರಿಗೆ ಹೊರಟ ಕಾರು ಕಮಲಾಪುರ ದಾಟಿ, ಗುಡ್ಡದ ನಡುವಿನ ಈ ಕೆರೆಯ ಬಳಿ ನಿಂತಿತ್ತು. ಕಾರಿನ ಹತ್ತಿರ ಉಳಿದವರು ಇಬ್ಬರೇ: ಮಗ ಸುಮಧ್ವ, ಡ್ರೈವರ್ ಮೈಬೂಬ.

"ಇವನೇ ತೊಗೊಂಡಾನ. ಡಬ್ಬಿ ತಗದದ್ದು ನಾ ನೋಡೀನಿ," ಸುಮಧ್ವ ಕೂಗಿದ. ಕೆರೆ ನೋಡಲು ಬಂದವರೆಲ್ಲ ಗುಂಪುಗೂಡಿದರು.

"ನೋಡಿದವ್ರು ಆವಾಗೇ ಯಾಕ ಕೈ ಹಿಡೀಲಿಲ್ರಿ ಸಾಹೇಬ್ರ?" ಮೈಬೂಬ ಅಲುಗಲಿಲ್ಲ. "ಹನ್ನೊಂದು ವರ್ಷ ನಿಮ್ಮ ಗಾಡಿ ಹೊಡದೀನಿ. ಕಳ್ಳ ಅನ್ನೋ ಹೆಸರು ಹೊತ್ತು ಇಲ್ಲಿಂದ ಒಂದು ಹೆಜ್ಜಿ ಇಡಂಗಿಲ್ಲ."

ಪೊಲೀಸರು ಬೇಡವೆಂದ ಸುಮಧ್ವ. ಮೈಬೂಬನೇ ಫೋನ್ ಮಾಡಿದ.

*

ಇಪ್ಪತ್ತು ನಿಮಿಷದಲ್ಲಿ ಪಿಎಸ್‌ಐ ಅಂಬಿಕಾ ಬಂದರು. ಮೈಬೂಬನ ಜೇಬು, ಚಪ್ಪಲಿ, ಸೀಟಿನ ಕೆಳಗೆ, ಡಿಕ್ಕಿ, ಎಲ್ಲ ನೋಡಿದರು. ಏನೂ ಸಿಗಲಿಲ್ಲ.

"ಈಗ ಅವ್ರದೂ ನೋಡ್ರಿ ಮೇಡಂ," ಎಂದ ಮೈಬೂಬ.

ಸುಮಧ್ವನ ಜೇಬಿನಲ್ಲೂ ಇರಲಿಲ್ಲ.

"ನೀವು ನೀರಿಗೆ ಇಳಿದಿದ್ರೇನು?" ಅಂಬಿಕಾ ಅವನನ್ನು ಕೇಳಿದರು.

"ಇಲ್ರಿ. ಈ ಕಲ್ಲು ಬಿಟ್ಟು ಎದ್ದಿಲ್ಲ."

ಕಾನ್‌ಸ್ಟೇಬಲ್ ಬೇವಿನ ಕೊಂಬೆಗೆ ತೂಗುಹಾಕಿದ್ದ ಚೀಲಕ್ಕೆ ಕೈ ಚಾಚಿದ.

"ಮುಟ್ಟಬ್ಯಾಡ್ರೀ! ನನ್ನ ಮಡಿ ಸೀರಿ ಅದಾವ!" ಜಾನಕೀಬಾಯಿ ಚೀರಿದರು.

ಅಂಬಿಕಾ ಅವನನ್ನು ತಡೆದರು. "ಯಾರು ಮುಟ್ಟಬಹುದ್ರಿ ಅಮ್ಮಾ?"

"ಸ್ನಾನ ಮಾಡಿ ಒದ್ದಿ ಬಟ್ಟಿಲೆ ಇದ್ದವ್ರು. ಸಂಜೀ ಪೂಜಾಕ್ಕ ಬೀದರದಾಗ ಬಿಚ್ಚೋದು."

"ಹಂಗಾರ ನೀವೇ ಇನ್ನೊಮ್ಮೆ ಮುಳುಗಿ ಬಂದು ಬಿಚ್ಚ್ರಿ. ನಾ ಕಾಯ್ತೀನಿ."

ಜಾನಕೀಬಾಯಿ ಮುಳುಗಿ ಬಂದು ಚೀಲ ಬಿಚ್ಚಿದರು. ಸೀರೆಯ ಮಡಿಕೆಯಿಂದ ಪಾಟ್ಲಿಗಳು ಉರುಳಿದವು.

*

"ನೋಡ್ರಿ, ಇವನೇ ಇಟ್ಟಾನ!" ಎಂದ ಸುಮಧ್ವ.

"ಅವನಿಗೆ ಸ್ನಾನದ ಹಂಗಿಲ್ಲ. ಒಣ ಕೈಲೇ ಇಡ್ತಿದ್ದ," ಎಂದರು ಅಂಬಿಕಾ. "ನಿಮ್ಮ ಅಂಗಿ ನೋಡಿಕೊಳ್ರಿ."

ಒಣ ಬಿಳಿ ಅಂಗಿಯ ಮೇಲೆ ಎಡ ಭುಜದಿಂದ ಬಲ ಸೊಂಟದವರೆಗೆ ತೇವದ ಗೆರೆಯೊಂದಿತ್ತು.

"ಮೈ ಒರೆಸಿದ್ರಿ, ಅಂಗಿ ಹಾಕ್ಕೊಂಡ್ರಿ. ಜನಿವಾರ ಒಣಗಲಿಲ್ಲ. ನೀರಿಗೇ ಇಳಿದಿಲ್ಲ ಅಂದವ್ರು ಕಲ್ಲಿನ ಮರಿಯಾಗ ಯಾಕ ಮುಳುಗಿದ್ರಿ? ಅವ್ವನ ಬಂಗಾರ ಕದಿಯೋ ಧೈರ್ಯ ಇತ್ತು, ಆಕಿ ಮಡಿ ಕೆಡಿಸೋ ಧೈರ್ಯ ಇರಲಿಲ್ಲ."

ಕಾನ್‌ಸ್ಟೇಬಲ್ ಕಲ್ಲಿನ ಹಿಂದಿನಿಂದ ಒದ್ದೆ ಪಂಚೆ ತಂದ.

"ಬೀದರದಾಗ ಪಾಟ್ಲಿ ನನಗ ತೊಡಸ್ತೀನಿ ಅಂದಿದ್ಲು ಅವ್ವ," ಎಂದಳು ಮಂಜುಷಾ.

"ಮನಿ ಪಾಟ್ಲಿ ಮನ್ಯಾಗಿರಬೇಕು!" ಸುಮಧ್ವ ಸಿಡಿದ.

"ಹಂಗಂತ ಅವ್ವಗ ಹೇಳ್ಬೇಕಿತ್ತು. ಮೈಬೂಬನ ತಲಿ ಮ್ಯಾಲೆ ಹಾಕೋದಲ್ಲ," ಎಂದಳು ಮಂಜುಷಾ.

ಜಾನಕೀಬಾಯಿ ಮಗನ ಮುಖ ನೋಡಲಿಲ್ಲ. "ಮೈಬೂಬ, ಗಾಡಿ ತಗಿಯಪ್ಪ."

"ತಗೀತೀನ್ರಿ ಬಾಯೇರ. ಕಳ್ಳ ಅಂದದ್ದು ಇಷ್ಟು ಮಂದಿ ಮುಂದ. ಅಲ್ಲ ಅನ್ನೋದೂ ಇವ್ರ ಮುಂದೇ ಆಗ್ಲಿ."

"ತಪ್ಪಾತು," ಸುಮಧ್ವ ಗೊಣಗಿದ.

"ಕೇಳಸ್ಲಿಲ್ರಿ ಸಾಹೇಬ್ರ."

"ಮೈಬೂಬ ಕದ್ದಿಲ್ಲ. ನಾ ಕದ್ದೀನಿ!"

ಗುಡ್ಡದ ಆಚೆಗೂ ಕೇಳಿಸಿತು. ಕಾನ್‌ಸ್ಟೇಬಲ್ ಸುಮಧ್ವನನ್ನು ಪೊಲೀಸ್ ಜೀಪಿನತ್ತ ನಡೆಸಿದ. ಮೈಬೂಬ ದಾರಿ ಬಿಟ್ಟು, ಕಾರಿನ ಬಾಗಿಲು ತೆರೆದ.

"ಹತ್ರಿ ಬಾಯೇರ."