ಕಚ್ಚಿದ ಬಾಯಿ ಯಾರದು

ಪಾಲುದಾರನನ್ನು ಕೊಂದದ್ದಕ್ಕೆ ದಂತವೈದ್ಯನಿಗೆ ಎಳ್ಳಷ್ಟೂ ಪಶ್ಚಾತ್ತಾಪವಿರಲಿಲ್ಲ. ಒಂದೇ ಕ್ಲಿನಿಕ್ಕಿನ ಪಕ್ಕದ ಕುರ್ಚಿಯಲ್ಲಿ ಕೆಲಸ ಮಾಡುತ್ತಿದ್ದ ಆ ಮಹಾಶಯ, ಇವನು ಹುಳುಕಿಗೆ ಸಿಮೆಂಟು ತುಂಬಿದ್ದ ಹಲ್ಲನ್ನು ರೋಗಿಯ ಎದುರಿಗೇ ಕೆರೆದು ನೋಡಿ, "ಯಾರ್ರೀ ಮಾಡಿದ್ದು ಇದನ್ನ? ಗಾರೆ ಕೆಲಸದವರಾ?" ಎಂದು ಕೇಳುತ್ತಿದ್ದ. ರೋಗಿ ಬಾಯಲ್ಲಿ ಹತ್ತಿ ಇಟ್ಟುಕೊಂಡೇ ನಗುತ್ತಿದ್ದ. ವರ್ಷಾನುಗಟ್ಟಲೆ ಆ ನಗು ಕೇಳಿಸಿಕೊಂಡವನು ಕೊನೆಗೊಂದು ಸಂಜೆ ಪಾಲುದಾರನ ಮನೆಗೇ ಹೋಗಿ ನೆತ್ತಿಗೆ ಸುತ್ತಿಗೆಯಿಂದ ಬಾರಿಸಿದರೆ, ಅದು ಕೊಲೆಯಲ್ಲ, ತಡವಾದ ಚಿಕಿತ್ಸೆ ಎಂಬುದು ಅವನ ಅಭಿಪ್ರಾಯ.

ಕೊಲ್ಲುವುದು ಯಾರಿಗೂ ಬರುತ್ತದೆ. ಕೊಂದವನು ಇನ್ನೊಬ್ಬ ಎಂದು ತೋರಿಸುವುದರಲ್ಲಿ ಕಸುಬುಗಾರಿಕೆ ಇದೆ. ಪಾಲುದಾರನ ಷಡ್ಡಕ ಒಂದು ಮದುವೆಯಲ್ಲಿ ಎಲ್ಲರೆದುರು "ನಿನ್ನ ಮುಗಿಸೇ ಮುಗಿಸ್ತೀನಿ" ಎಂದು ಅರಚಿದ್ದ. ಹಿಂದೆಂದೋ ಚಿಕಿತ್ಸೆಗೆ ಬಂದಾಗ ತೆಗೆದ ಅವನ ಹಲ್ಲಿನ ಪ್ಲಾಸ್ಟರ್ ಅಚ್ಚು ದಂತವೈದ್ಯನ ಮನೆಯ ಕಪಾಟಿನಲ್ಲೇ ಇತ್ತು. ಹೆಣದ ಪಕ್ಕದ ಮೇಜಿನ ಮೇಲೆ ಒಂದು ಚೀಸ್ ತುಂಡು. ಅದರ ಮೇಲೆ ಆ ಅಚ್ಚನ್ನು ಒತ್ತಿ ಮೂಡಿಸಿದ ಹಲ್ಲಿನ ಗುರುತು. ಅಚ್ಚಿಗೆ ಅಂಟಿಸಿದ್ದ ಚೀಟಿಯಲ್ಲಿ ಷಡ್ಡಕನ ಹೆಸರು ನೋಡಿಕೊಂಡು, ಅದನ್ನು ಒತ್ತಿ, ತೊಳೆದು, ಕಪಾಟಿನಲ್ಲಿಟ್ಟು ಬೀಗ ಹಾಕಿದ್ದ. ಪರೀಕ್ಷೆ ಮಾಡಿದರೆ ಚೀಸಿನ ಮೇಲೆ ಎಂಜಲೇ ಇಲ್ಲವೆಂದು ಗೊತ್ತಾದೀತು ಎಂಬ ಸಣ್ಣ ಅಳುಕಿತ್ತು. ಪೊಲೀಸರು ಚೀಸ್ ಕೆಡಬಾರದೆಂದು ಅದನ್ನು ಚೆನ್ನಾಗಿ ತೊಳೆದು ಫ್ರಿಜ್ಜಿನಲ್ಲಿಟ್ಟರು.

ಹಲ್ಲಿನ ವಿಷಯ ಹೇಳಲು ತಜ್ಞ ಬೇಕಾಯಿತು. ಊರಿನ ಇಬ್ಬರು ದಂತವೈದ್ಯರಲ್ಲಿ ಒಬ್ಬ ಸತ್ತಿದ್ದ. ಹಾಗಾಗಿ ಕೊಂದವನೇ ಕೋಟು ತೊಟ್ಟು ಸಾಕ್ಷಿಕಟ್ಟೆ ಹತ್ತಿದ. ಕಪಾಟಿನ ಬೀಗದ ಕೈ ತನ್ನೊಬ್ಬನ ಬಳಿಯೇ ಇರುವುದೆಂದು, ಅಚ್ಚಿನ ಮೇಲೆ ಅನುಮಾನ ಬರದ ಹಾಗೆ, ಪ್ರಮಾಣ ಮಾಡಿ ಹೇಳಿದ. ಆಮೇಲೆ ಅವನು ಬಳಸಿದ ವೈದ್ಯಕೀಯ ಪದಗಳ ಭಾರಕ್ಕೆ, ಮಾತು ತನ್ನ ಹಲ್ಲಿನದೋ ಕಿಡ್ನಿಯದೋ ಎಂಬುದೇ ಷಡ್ಡಕನಿಗೆ ಹೊಳೆಯಲಿಲ್ಲ. ಜೀವಾವಧಿ ಶಿಕ್ಷೆಯಾಯಿತು.

ದಂತವೈದ್ಯ ಆರು ವರ್ಷ ಸುಖವಾಗಿ ಕಳೆದ ಮೇಲೆ ಒಬ್ಬ ವಕೀಲೆಗೆ ಆ ತೀರ್ಪು ಗಟ್ಟಿಯಾದದ್ದಲ್ಲ ಅನ್ನಿಸಿತು. ಪತ್ರಿಕೆಗಳು ಕುಣಿದವು. ನಿವೃತ್ತ ನ್ಯಾಯಾಧೀಶರೊಬ್ಬರ ಮುಂದೆ ಬಹಿರಂಗ ಮರುಪರಿಶೀಲನೆ ನಡೆಯಿತು. ದಂತವೈದ್ಯನ ಹೆಂಡತಿ ಗಂಡನ ವೈಭವ ನೋಡಲು ರೇಷ್ಮೆ ಸೀರೆ ಉಟ್ಟು ಹಿಂದಿನ ಸಾಲಿನಲ್ಲಿ ಕೂತಳು. ಆರು ವರ್ಷದ ಹಿಂದಿನ ವಿಚಾರಣೆಗೆ ಅವಳು ಬರುತ್ತೇನೆಂದಾಗ ಅವನು ಬೇಡವೆಂದಿದ್ದ. ಈಗ ಅವನಿಗೇ ನೋಡುವವರು ಬೇಕಾಗಿದ್ದರು.

"ಬರೀ ಒಂದು ಕಚ್ಚಿದ ಗುರುತು ನಂಬಿಕೊಂಡು ಒಬ್ಬ ಮನುಷ್ಯನ್ನ ಜೈಲಲ್ಲಿ ಇಡೋಕಾಗುತ್ತಾ?" ವಕೀಲೆ ಕೇಳಿದಳು.

"ಮುಖ ಸುಳ್ಳು ಹೇಳುತ್ತೆ ಮೇಡಂ, ಹಲ್ಲು ಹೇಳಲ್ಲ."

"ಆದರೆ ಅವತ್ತು ಸಾಕ್ಷಿ ಹೇಳೋ ಮೊದಲು ನೀವು ಅವರ ಬಾಯಿ ನೋಡೇ ಇಲ್ಲವಲ್ಲ. ಅಚ್ಚು ಮಾತ್ರ ನೋಡಿದ್ದೀರಿ."

ಸಭೆಯಲ್ಲಿ ಗುಸುಗುಸು ಎದ್ದಿತು. ದಂತವೈದ್ಯನಿಗೆ ನಗು ತಡೆಯಲಾಗಲಿಲ್ಲ. ವಾದ ಮಾಡಿ ಗೆಲ್ಲುವುದಕ್ಕಿಂತ ಇವಳ ಬಾಯಿಯನ್ನು ಒಂದೇ ಏಟಿಗೆ ಮುಚ್ಚಿಸುವುದು ಚೆಂದ ಅನ್ನಿಸಿತು.

"ಅದಕ್ಕೇನಂತೆ, ಈಗಲೇ ನೋಡೋಣ," ಎಂದು ಬ್ಯಾಗಿನಿಂದ ಮೇಣದ ಬಿಲ್ಲೆ ತೆಗೆದ. "ಕರೆಸಿ ಅವನನ್ನ. ಕಚ್ಚಲಿ."

ಷಡ್ಡಕ ಬಡಕಲಾಗಿದ್ದ. ಹೆದರಿಕೊಂಡೇ ಕಚ್ಚಿದ. ದಂತವೈದ್ಯ ಮೇಣವನ್ನು ನ್ಯಾಯಾಧೀಶರ ಮುಂದಿಟ್ಟು, ಪಕ್ಕದಲ್ಲಿ ಹಳೆಯ ಅಚ್ಚನ್ನೂ ಚೀಸಿನ ದೊಡ್ಡ ಫೋಟೋವನ್ನೂ ಜೋಡಿಸಿ, ಜನರತ್ತ ತಿರುಗಿ ನಿಂತ. ಅವನು ಮೇಣದ ಕಡೆ ನೋಡಲೇ ಇಲ್ಲ, ನೋಡುವ ಅಗತ್ಯವೇನಿತ್ತು?

ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಮೇಣದ ಮೇಲೆ ಹಲ್ಲುಗಳು ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳಂತೆ ನೆಟ್ಟಗಿದ್ದವು. ಅಚ್ಚಿನಲ್ಲೂ ಚೀಸಿನಲ್ಲೂ ಕೆಳಗಿನ ಎರಡು ಹಲ್ಲು ಒಂದರ ಮೇಲೊಂದು ಕಾಲು ಹಾಕಿ ಕೂತಿದ್ದವು. "ಹಾಗಾದರೆ ಈ ಅಚ್ಚು ಯಾರದು?" ಎಂದು ಅವರು ಅದನ್ನು ಎತ್ತಿ ಹಿಡಿದರು. ಹಿಂದಿನ ಸಾಲಿನಿಂದ ಹೆಂಡತಿ ಎದ್ದು ನಿಂತಳು. ಅವಳ ಕಣ್ಣು ತುಂಬಿ ಬಂದಿತ್ತು. "ಅಯ್ಯೋ, ನಮ್ಮಮ್ಮನ ಹಲ್ಲು! ರೀ, ಬೈಬೇಡಿ. ಆ ಕೊಲೆಗೂ ಮುಂಚೆ ಒಂದಿನ ನೀವು ಸ್ನಾನಕ್ಕೆ ಹೋದಾಗ ಕೀ ತಗೊಂಡು ಕಪಾಟಿನ ಧೂಳು ಒರೆಸ್ತಿದ್ದೆ. ಎರಡು ಅಚ್ಚಿನ ಚೀಟಿ ಕಿತ್ತು ಬಂತು. ಯಾವುದು ಯಾವುದರದ್ದು ಅಂತ ತಿಳೀದೆ ಅಂದಾಜಿನ ಮೇಲೆ ಅಂಟಿಸಿಬಿಟ್ಟಿದ್ದೆ." ವಕೀಲೆ ಮೆಲ್ಲಗೆ ಕೇಳಿದಳು: "ನಿಮ್ಮ ತಾಯಿ ಎಲ್ಲಿದ್ದಾರೆ?" ಹೆಂಡತಿ ಸೆರಗಿನಿಂದ ಮೂಗೊರೆಸಿಕೊಂಡು, ಆ ಕೊಲೆ ನಡೆಯುವುದಕ್ಕೆ ಎರಡು ವರ್ಷ ಮೊದಲೇ ಅಮ್ಮ ತೀರಿಕೊಂಡಿದ್ದಳು ಎಂದಳು.