ಹೊಳೆಗೆ ಬಿದ್ದ ತಾಳಿ

ಹೊಳೆಯಂಚಿನ ಹುಲಿಗುಂಡಿನ ಕೆಳಗೆ ಖಾಲಿ ಹರಗೋಲೊಂದು ಬೋರಲಾಗಿ ಕಲ್ಲಿಗೆ ಸಿಕ್ಕಿಕೊಂಡಿತ್ತು. ಮೇಲಿನ ಬಂಡೆಯ ಮೇಲೆ ಹೆಂಗಸೊಬ್ಬಳು ಕೂತಿದ್ದಳು. ಕೊರಳಲ್ಲಿ ತಾಳಿ ಇರಲಿಲ್ಲ.

ಹಡಗಲಿ ಸೀಮೆಯಲ್ಲಿ ಆರಾಮಾಗಿ ಕಾಲು ಚಾಚಿಕೊಂಡು ಹರಿಯುವ ತುಂಗಭದ್ರೆ ಇಲ್ಲಿ ಮಾತ್ರ ಎರಡು ಗುಡ್ಡಗಳ ನಡುವೆ ನುಸುಳಬೇಕು. ಆ ಸಿಟ್ಟು ನೋಡಬೇಕು ನೀವು. ತುಂತುರು ಹೊಗೆಯ ಹಾಗೆ ಏರುತ್ತದೆ. ಮೊರೆತ ಕೇಳುತ್ತ ಹತ್ತು ನಿಮಿಷ ನಿಂತರೆ ಎಚ್ಚರವೋ ಕನಸೋ ತಿಳಿಯುವುದಿಲ್ಲ. ಪಿಎಸ್‌ಐ ಯಶೋಧರಾಗೂ ಮಂಪರು ಹತ್ತಿತು. ಯಾರಿಗೂ ಹೇಳಲಿಲ್ಲ ಅಷ್ಟೆ. ಪೊಲೀಸರಿಗೆ ಕನಸು ಬೀಳುವುದಿಲ್ಲ ಎಂದು ಊರವರೆಲ್ಲ ನಂಬಿದ್ದಾರೆ.

ಹೆಂಗಸು ಕೊಟ್ಟೂರಿನ ಶಾಂಭವಿ. ಮದುವೆಯಾಗಿ ಅಂದಿಗೆ ಹತ್ತು ವರ್ಷ. ಗಂಡ ಅರುಣಕುಮಾರ್ ಜೊತೆ ಹೊಳೆಯಂಚಿನಲ್ಲಿ ತಿರುಗಾಡಲು ಬಂದಿದ್ದಳು.

“ಕೈ ಹಿಡ್ಕಂಡು ನಡದ್ವಿ ಮೇಡಂ. ಅವರಿಗೆ ನೀರಿನ ನಡುವ ಹೋಗಿ ಬರೋ ಆಸಿ. ಏನಾಗಲ್ಲ ಬರ್ರಿ ಅಂತ ಅಂವ ಮೈಲಾರೇಶ ಕರಕಂಡು ಹೋದ. ಹರಗೋಲು ಮಗುಚಿತು. ಅಂವ ಈಜಿ ಬಂದ. ಇವರು ಬರ್ಲಿಲ್ಲ.”

“ತಾಳಿ?”

“ಅವರ ಹಿಂದ ಹೊಳಿಗೆ ಹಾಕಿಬಿಟ್ಟೆ.”

ದಡದಲ್ಲಿ ಸೇರಿದ ಜನ ಆಗಲೇ ಹರಗೋಲಿನ ಮೈಲಾರೇಶನಿಗೆ ನಾಲ್ಕು ಬಿಟ್ಟಿದ್ದರು. ಅವನ ತುಟಿ ಒಡೆದಿತ್ತು.

“ನಾ ಹರಗೋಲು ಬಿಚ್ಚೇ ಇಲ್ರಿ. ಈ ನೀರಿಗೆ ಯಾರರ ಬಿಚ್ಚತಾರೇನ್ರಿ? ಗುಡ್ಲಾಗ ಮಲಗಿದ್ದೆ. ನಾ ಜೈಲಿಗೆ ಹೋದ್ರ ನಮ್ಮವ್ವ ಉಳಿಯಂಗಿಲ್ರಿ.”

“ಗುಡ್ಲಾಗ ಒದ್ದಿ ಲುಂಗಿ ಐತಿ ಮೇಡಂ,” ಎಂದ ಕಾನ್‌ಸ್ಟೇಬಲ್ ಹುಲುಗೇಶ, ಕೇಸು ಮುಗಿದಷ್ಟು ಖುಷಿಯಲ್ಲಿ.

“ಮುಂಜಾನಿ ಜಳಕ ಮಾಡೀನ್ರಿ...”

ಯಶೋಧರಾ ಹರಗೋಲು ಕಟ್ಟಿದ್ದ ಗೂಟ ನೋಡಿದಳು. ಹಗ್ಗದ ತುಂಡು ಇನ್ನೂ ಗೂಟದಲ್ಲೇ ಇತ್ತು. ಚಾಕುವಿನಿಂದ ಕೊಯ್ದಿದ್ದರು. ತನ್ನ ಹಗ್ಗವನ್ನು ಯಾವ ಅಂಬಿಗ ಕೊಯ್ಯುತ್ತಾನೆ?

ಶಾಂಭವಿ ತುಂತುರಿಗೆ ನೆನೆದು ಚಳಿಗೆ ನಡುಗುತ್ತಿದ್ದಳು. ಯಶೋಧರಾ ಅವಳ ಹೆಗಲಿಗೆ ಟವೆಲ್ ಹೊದಿಸಿದಳು. ಬೆರಳಿಗೆ ಹಸಿ ದಾರ ತಗುಲಿತು. ಕತ್ತಿನ ಹಿಂದಿನಿಂದ ಇಳಿದು ರವಿಕೆಯೊಳಗೆ ಹೋಗಿತ್ತು. ಬೆರಳು ನೋಡಿಕೊಂಡಳು. ಹಳದಿ.

* * *

ರಸ್ತೆಯಂಚಿನಲ್ಲಿ ಗಂಡ ಹೆಂಡತಿ ಬಂದಿದ್ದ ಬಿಳಿ ಕಾರು ನಿಂತಿತ್ತು. ಬಲಗಡೆಯ ದೀಪ ಮಾಸಿತ್ತು. ಎಡಗಡೆಯದು ಹೊಚ್ಚ ಹೊಸದು.

“ಹುಲುಗೇಶ, ಹೊಸಹಳ್ಳಿ ಹತ್ರ ಬುತ್ತಿ ಹೊತ್ತು ಹೊಲಕ್ಕ ಹೊಂಟಿದ್ದ ಎರ್ರೆಮ್ಮಗ ಗುದ್ದಿ ಓಡಿ ಹೋದ ಕಾರು ಯಾವ ಬಣ್ಣದ್ದು?”

“ಬಿಳಿದ್ರಿ. ಎಡಗಡಿ ದೀಪದ ಗಾಜು ರಸ್ತ್ಯಾಗ ಬಿದ್ದಿತ್ತು. ಮುದುಕಿ ಹೋಗಿ ಹನ್ನೆರಡು ದಿನ ಆತ್ರಿ.”

ಯಶೋಧರಾ ಬಂಡೆಯ ಬಳಿಗೆ ವಾಪಸು ಬಂದಳು. ಮುಂದೆ ಹೇಳಿದ್ದು ಶುದ್ಧ ಸುಳ್ಳು.

“ಕೆಳಗ ಹೆಣ ಸಿಕ್ಕೈತ್ರಿ. ಗುರುತು ಹಿಡೀಬೇಕು, ಬರ್ರಿ.”

ಶಾಂಭವಿ ಅಳಲಿಲ್ಲ. ಅವಳ ಕೈ ಎದೆಯ ಮೇಲೆ ಹೋಗಿ ಏನನ್ನೋ ಗಟ್ಟಿಯಾಗಿ ಒತ್ತಿ ಹಿಡಿಯಿತು.

“ಅದು ಅವರದಲ್ಲ.”

“ನೀವಿನ್ನೂ ನೋಡೇ ಇಲ್ಲಲ್ರಿ.”

ಯಶೋಧರಾ ಪಕ್ಕದಲ್ಲೇ ಕೂತಳು.

“ತಾಳಿ ತಗದ್ರ, ಗಂಡ ಇರೋ ಹೆಣ್ಣುಮಗಳು ಒಂದು ಗಳಿಗಿನೂ ಬರೀ ಕೊರಳಾಗ ಇರಂಗಿಲ್ಲ. ದಾರಕ್ಕ ಅರಿಶಿನ ಕೊಂಬು ಕಟ್ಟಿ ಹಾಕ್ಕಂತಾಳ. ನಮ್ಮವ್ವನೂ ಹಂಗ ಮಾಡ್ತಿದ್ಲು. ಈ ಕಲ್ಲಿನ ಮ್ಯಾಲ ನಿಮಗ ಅರಿಶಿನ ಕೊಂಬು ಎಲ್ಲಿ ಸಿಕ್ತು? ಮನ್ಯಾಗ ಕಟ್ಟಿಕೊಂಡೇ ಬಂದೀರಿ. ಅಂದ್ರ, ತಾಳಿ ಹೊಳಿಗೆ ಹೋಗೋದು ಮುಂಜಾನೇ ಗೊತ್ತಿತ್ತು. ಅವರು ಬದುಕ್ಯಾರ ಅನ್ನೋದೂ ಗೊತ್ತೈತಿ. ಹಗ್ಗ ಕೊಯ್ದು ಹರಗೋಲು ಬಿಟ್ಟಾರ. ಎರ್ರೆಮ್ಮನ ಕೇಸು ಹೊಳ್ಯಾಗ ಮುಳುಗಲಿ ಅಂತ.”

ಶಾಂಭವಿ ರವಿಕೆಯೊಳಗಿನ ಕೊಂಬನ್ನು ಮುಟ್ಟಿಕೊಂಡೇ ಇದ್ದಳು.

“ಸತ್ತವನ ಮ್ಯಾಲ ಕೇಸು ನಡಿಯಂಗಿಲ್ಲ ಅಂದ್ರು. ಅಂಬಿಗನ ಹೆಸರು ಹೇಳು ಅಂದ್ರು.”

“ಅವನಿಗೂ ಮನ್ಯಾಗ ಒಬ್ಬಾಕಿ ಅವ್ವ ಅದಾಳ.”

ಆಗ ಅವಳಿಗೆ ಅಳು ಬಂತು. ಬೆಳಗಿನಿಂದ ಅತ್ತದ್ದರಲ್ಲಿ ಅದೊಂದೇ ನಿಜವಾದ ಅಳು. “ಹರಪನಹಳ್ಳಿ ಬಸ್‌ಸ್ಟ್ಯಾಂಡಿನ್ಯಾಗ ಅದಾರ,” ಎಂದಳು. ಆಮೇಲೆ ಯಾರೂ ಕೇಳದಿದ್ದರೂ ಹೇಳಿದಳು: “ಸುಳ್ಳಿಗಾದ್ರೂ ಬರೀ ಕೊರಳು ಮಾಡ್ಕಂಡ್ರ, ಅದೇ ನಿಜ ಆದ್ರ ಅಂತ ಹೆದರಿಕಿ ಆತು ಮೇಡಂ.”

* * *

ಮೈಲಾರೇಶ ಬಿಡುಗಡೆಯಾದ ಕೂಡಲೇ ಅವ್ವನಿಗೆ ಫೋನ್ ಮಾಡಿ, ಊಟ ಮಾಡಿದೆಯಾ ಎಂದು ಕೇಳಿದ.

ಸಂಜೆ ನಾಲ್ಕಕ್ಕೆ ಅರುಣಕುಮಾರ್ ಸಿಕ್ಕ. ಮೀಸೆ ಬೋಳಿಸಿಕೊಂಡು, ದಾವಣಗೆರೆ ಬಸ್ಸಿಗೆ ಕಾಯುತ್ತ ಚಹಾ ಕುಡಿಯುತ್ತಿದ್ದ. ಯಶೋಧರಾಳನ್ನು ಕಂಡು ಲೋಟ ಕೆಳಗಿಟ್ಟ.

“ಆಕಿ ಬಾಯಿ ಬಿಟ್ಲಾ?” ಅದೇ ಅವನ ಮೊದಲ ಮಾತು. ಹೆಂಡತಿ ಹೇಗಿದ್ದಾಳೆ ಎಂದಲ್ಲ.

“ಇಲ್ರಿ.” ಅದು ಆ ದಿನದ ಎರಡನೇ ಸುಳ್ಳು. “ನೀವು ಬದುಕಿರಲಿ ಅಂತ ಕೊರಳಾಗ ಅರಿಶಿನ ಕಟ್ಟಿಕೊಂಡಿದ್ಲು,” ಎಂದಳು ಯಶೋಧರಾ. “ಅದಕ್ಕ ಸಿಕ್ಕಿಬಿದ್ರಿ.”