ಕೆಂಪುಗುಂಡಿಯ ಐದು ವರ್ಷ

2025ರ ಮಾರ್ಚ್ 11, ಮಂಗಳವಾರ. ಬೆಳಿಗ್ಗೆ 10.20ಕ್ಕೆ ಬಾದಾಮಿ ಸೀಮೆಯ ಠಾಣೆಯೊಂದಕ್ಕೆ ಬಂದ ವಲಯ ಅರಣ್ಯಾಧಿಕಾರಿ ಶಿವಪ್ರಕಾಶ ಕೊಟ್ಟ ದೂರು ವಿಚಿತ್ರವಾಗಿತ್ತು. ಚಿಂಕಾರ, ಅಂದರೆ ಊರವರು ಚಿಗರಿ ಎನ್ನುವ ಹುಲ್ಲೆಗಳ ಕರಿದಿನ್ನಿ ಧಾಮದ ಕಚೇರಿಯಿಂದ ಐದು ಹಳೆಯ ರಿಜಿಸ್ಟರುಗಳು ಕಳುವಾಗಿದ್ದವು. ಪಕ್ಕದಲ್ಲೇ ಇದ್ದ ಕಂಪ್ಯೂಟರು, ದುರ್ಬೀನು ಹಾಗೇ ಇದ್ದವು.

"ಅದರಾಗ ಏನಿತ್ರಿ?" ಪಿಎಸ್‌ಐ ನಾಗರತ್ನಾ ಕೇಳಿದರು.

"ಯಾವ ನೀರಿನ ಹೊಂಡಕ್ಕ ದಿನಾ ಎಷ್ಟು ಚಿಗರಿ ಬಂದ್ವು ಅಂತ ಕಾವಲುಗಾರರು ಬರದಿಟ್ಟದ್ದು."

"ಅಷ್ಟ?"

"ಅಷ್ಟಂದ್ರ ಹೆಂಗ್ರಿ ಮೇಡಂ? ಧಾಮದ ಹತ್ತು ವರ್ಷದ ಯೋಜನಾ ಶುಕ್ರವಾರ ಪಾಸಾಗಬೇಕು. ಮೂಲ ಪುಸ್ತಕ ನೋಡದ ಸಮಿತಿ ಸಹಿ ಮಾಡಂಗಿಲ್ಲ."

ಬಿಎನ್‌ಎಸ್ ಕಲಂ 305ರಡಿ ಕಳ್ಳತನದ ಎಫ್‌ಐಆರ್ ದಾಖಲಾಯಿತು. 11.45ಕ್ಕೆ ನಾಗರತ್ನಾ, ಹೆಡ್ ಕಾನ್‌ಸ್ಟೆಬಲ್ ಖಾದರಬಾಷಾನೊಂದಿಗೆ ಧಾಮ ತಲುಪಿ ಪಂಚನಾಮೆ ಶುರು ಮಾಡಿದರು. ಬಾಗಿಲ ಬೀಗ ಮುರಿದಿರಲಿಲ್ಲ. ಕಪಾಟಿನದೂ ಅಷ್ಟೆ. 1983ರಿಂದ ವರ್ಷಕ್ಕೊಂದರಂತೆ ಸಾಲಾಗಿ ನಿಂತ ಪುಸ್ತಕಗಳಲ್ಲಿ 2017ರಿಂದ 2021ರವು ಇರಲಿಲ್ಲ. ಎಲ್ಲಕ್ಕೂ ಒಂದೇ ಕಂದು ಬಟ್ಟೆಯ ರಟ್ಟು, ಬೆನ್ನ ಮೇಲೆ ಇಸವಿಯಿಲ್ಲ. ಉಳಿದವುಗಳ ಮೇಲಿನ ಧೂಳು ಕದಲಿರಲಿಲ್ಲ.

"ಹುಡುಕಿ ಒಯ್ದಿಲ್ರಿ," ಎಂದ ಖಾದರಬಾಷಾ. "ಗೊತ್ತಿದ್ದಾವನ ಒಯ್ದಾನ."

ಯೋಜನೆ ಬರೆಯುತ್ತಿದ್ದವಳು ಹುನಗುಂದದ ಮುಬಶೀರಾ, ವನ್ಯಜೀವಿ ಸಂಶೋಧಕಿ. ಅವಳು ಆ ಬಯಲಿನ ಚರಿತ್ರೆಯನ್ನೇ ಬಿಚ್ಚಿಟ್ಟಳು. ಮೊದಲು ಅದು ಸಂಸ್ಥಾನಿಕರ ಬೇಟೆಯ ಜಾಗ. ಆಮೇಲೆ ಬರೀ ಹುಲ್ಲಿದ್ದರೆ ಅದೆಂಥ ಕಾಡು ಎಂದು ನೀಲಗಿರಿ ನೆಟ್ಟರು, ಚಿಂಕಾರಗಳು ಚದುರಿಹೋದವು. ಎಂಬತ್ತರ ದಶಕದಲ್ಲಿ ತಪ್ಪು ಅರಿವಾಗಿ ಮರ ಕಡಿಸಿದರು, ಏಳು ಹೊಂಡ ತೋಡಿದರು, ಬಂದ ಪ್ರಾಣಿಯನ್ನು ಬರೆದಿಡುವ ಪದ್ಧತಿ ಹಾಕಿದರು. ಈಗಿನ ವಿಜ್ಞಾನ ಹೇಳುವುದೇ ಬೇರೆ. ಎಲ್ಲೆಂದರಲ್ಲಿ ನೀರಿಟ್ಟರೆ ದನ, ನಾಯಿ ಸೇರಿ ಹುಲ್ಲು ಸವೆಯುತ್ತದೆ, ಬಳಕೆಯಿಲ್ಲದ ಹೊಂಡ ಮುಚ್ಚಬೇಕು.

"ಯಾವುದು ಮುಚ್ತೀರಿ?"

"ಕೆಂಪುಗುಂಡಿ. ಐದು ವರ್ಷದಾಗ ಅಲ್ಲಿ ಒಂದ ಒಂದು ಚಿಗರಿ ಬಂದಿಲ್ರಿ. ಅದಕ್ಕ 2022ರಾಗ ಎಣಿಸಾಕ ಕ್ಯಾಮೆರಾ ಬಂದಾಗ ಅಲ್ಲಿ ಒಂದೂ ಇಡಲಿಲ್ಲ."

"ನೀವ ಹೋಗಿ ನೋಡೀರೇನು?"

"ಒಂದ್ಸಲ. ಮಳಿಗಾಲದಾಗ."

ಹೊಂಡದ ಆಚೆಗೊಂದು ಕಲ್ಲುಗಣಿಯಿತ್ತು. ಖಾದರಬಾಷಾ ಸಂಜೆಯೊಳಗೆ ಅಲ್ಲಿಗೂ ಹೋಗಿ ವಿಚಾರಿಸಿ ಬಂದ. ನಾಗರತ್ನಾ ತಲೆಯಾಡಿಸಿದರು. "ಹೊಂಡ ಮುಚ್ಚಿದ್ರ ಗಣಿ ಈ ಕಡೆ ಬೆಳಸಬಹುದು, ಅವರಿಗೆ ಹಬ್ಬ. ಅವರ್ಯಾಕ ಪುಸ್ತಕ ಕದೀತಾರ? ಮುಚ್ಚಬಾರದು ಅನ್ನಾವರನ್ನ ಹುಡುಕೋಣ."

ಮಾರ್ಚ್ 12, ಬೆಳಿಗ್ಗೆ 6.10. ಇಬ್ಬರೂ ಕೆಂಪುಗುಂಡಿಯತ್ತ ನಡೆದರು. ನಾಲ್ಕು ಕಿಲೋಮೀಟರು ಜಾರುಗಲ್ಲಿನ ಏರು. ಮೇಲೆ ಹೊಂಡದ ಅಂಚಿನ ಕೆಸರು ಗೊರಸುಗಳಿಂದ ಕಿಕ್ಕಿರಿದಿತ್ತು, ಹಿಕ್ಕೆ ಇನ್ನೂ ಹಸಿಯಾಗಿತ್ತು. ಎರಡು ಚಿಂಕಾರ ಇವರನ್ನು ಕಂಡು ನೆಗೆದು ಕಲ್ಲುಗಳ ನಡುವೆ ಮಾಯವಾದವು. ನಾಗರತ್ನಾ ಗುರುತುಗಳನ್ನು ಎಣಿಸಿ ಬರೆದುಕೊಂಡರು. ಕನಿಷ್ಠ ಹನ್ನೊಂದು ಪ್ರಾಣಿ.

ಖಾದರಬಾಷಾ ಏದುಸಿರು ಬಿಡುತ್ತ ಕಲ್ಲಿನ ಮೇಲೆ ಕೂತ. "ದಿನಾ ಇದನ್ನ ಹತ್ತಬೇಕಂದ್ರ ಕಾಲು ಭಾಳ ಗಟ್ಟಿ ಇರಬೇಕ್ರಿ ಮೇಡಂ."

ನಾಗರತ್ನಾ ಅವನನ್ನೇ ನೋಡಿದರು. ಕಚೇರಿಗೆ ಇಳಿದವರೇ ಹಾಜರಿ ಕಡತ ತರಿಸಿದರು. ಆ ಐದೂ ವರ್ಷ ಪುಸ್ತಕ ಬರೆದವನು ಕಾವಲುಗಾರ ಬಂಡೆಪ್ಪ. ಕೆಲಸಕ್ಕೆ ಸೇರಿದ್ದು 1988, ಬಿಟ್ಟದ್ದು 2022. 2016ರ ಡಿಸೆಂಬರಿನಲ್ಲಿ ಬಂಡೆಯಿಂದ ಬಿದ್ದು ಕಾಲು ಮುರಿದು ನಲವತ್ತು ದಿನ ರಜೆ.

ಮಧ್ಯಾಹ್ನ 12.30. ಪಟ್ಟದಕಲ್ಲಿನ ಹೊರಗೆ, ಹೊಳೆಯ ದಿಕ್ಕಿನ ಸಣ್ಣ ಮನೆ. ಅರವತ್ಮೂರರ ಬಂಡೆಪ್ಪ ಖಾಕಿ ಕಂಡು ಗಾಬರಿಯಾಗಲಿಲ್ಲ. ಚಾಪೆ ಹಾಸಿದ.

"ಕಾಲು ಹೆಂಗೈತಿ?"

"ಸಪಾಟು ನೆಲದ ಮ್ಯಾಲೆ ನಡೀತೈತ್ರಿ."

"ಕೆಂಪುಗುಂಡಿಗೆ ಯಾವಾಗ ಹೋಗಿದ್ರಿ ಕಡೀಕ?"

ಬಂಡೆಪ್ಪ ಎದ್ದು, ಕುಂಟುತ್ತ ಒಳಗೆ ಹೋಗಿ, ಜೋಳದ ಕಣಜದಿಂದ ಬಟ್ಟೆಗಂಟೊಂದನ್ನು ತಂದು ಅವರ ಮುಂದಿಟ್ಟ. ಐದೂ ಪುಸ್ತಕಗಳಿದ್ದವು. ಹಳೆಯ ಕೀಲಿಕೈಗಳೂ ಇದ್ದವು.

"ಗುಡ್ಡ ಹತ್ತಾಕ ಆಗಂಗಿಲ್ಲ ಅಂದಿದ್ರ ಕೆಲಸದಿಂದ ತಗೀತಿದ್ರಿ. ಅದಕ್ಕ ಕೆಂಪುಗುಂಡಿ ಮುಂದ ದಿನಾ 'ಇಲ್ಲ' ಅಂತ ಬರದೆ. 'ಹೋಗಿಲ್ಲ' ಅಂತ ಬರೀಬೇಕಿತ್ತು." ಅವನು ರಟ್ಟಿನ ಮೇಲೆ ಕೈಯಿಟ್ಟ. "ಮೊನ್ನೆ ಸಂತ್ಯಾಗ ಸುದ್ದಿ ಕೇಳಿದೆ, ಹೊಂಡ ಮುಚ್ತಾರಂತ. ಬ್ಯಾಸಿಗ್ಯಾಗ ಆ ಕಡೆ ಬ್ಯಾರೆ ನೀರಿಲ್ರಿ. ನನ್ನ ಒಂದು ಮಾತಿಗೆ ಅವು ಸಾಯ್ತಾವು."

"ಸುಟ್ಟಿದ್ರ ನಮಗ ಸಿಗ್ತಿದ್ದಿಲ್ಲ."

"ಒಲಿ ಮುಂದ ಎರಡು ಸಲ ಕುಂತೇನ್ರಿ, ಆಗಲಿಲ್ಲ. ಉಳಿದ ಆರು ಹೊಂಡದ್ದು ಖರೇನ ಐತಿ ಅದರಾಗ."

"ಆ ಹುಡುಗಿ ಮುಬಶೀರಾಗ ಒಂದ್ ಮಾತು ಹೇಳಬಹುದಿತ್ತಲ್ಲ?"

"ಐದು ವರ್ಷ ಸುಳ್ಳು ಅಂತ ನಾನ ಹೇಳಿದ್ರ, ಅದಕ್ಕಿಂತ ಮದಲಿನ ಇಪ್ಪತ್ತೊಂಬತ್ತೂ ವರ್ಷ ಸುಳ್ಳು ಅಂದ್ಬಿಡ್ತಾರ್ರಿ. ಅವು ಖರೆ ಅದಾವು. ಒಂದೊಂದೂ ನಡದ ಹೋಗಿ ನೋಡಿ ಬರದದ್ದು."

1.15ಕ್ಕೆ ನಾಗರತ್ನಾ ಜಪ್ತಿ ಪಂಚನಾಮೆ ಮುಗಿಸಿ ಬಂಧನದ ಕಾಗದಕ್ಕೆ ಅವನ ಸಹಿ ಪಡೆದರು. ಜೀಪು ಹತ್ತಿಸುವಾಗ ಖಾದರಬಾಷಾ ತೋಳು ಹಿಡಿದುಕೊಂಡ. ಒಂದಷ್ಟು ದೂರ ಸಾಗಿದ ಮೇಲೆ ಬಂಡೆಪ್ಪನೇ ಬಾಯಿಬಿಟ್ಟ.

"ನೀವು ಮ್ಯಾಲೆ ಹೋಗಿದ್ರೇನ್ರಿ? ಎಷ್ಟು ಅದಾವು?"

"ಹನ್ನೊಂದು."

"ಕಡೀ ಸಲ ಹತ್ತಿದಾಗ ಆರು ಬಿಟ್ಟು ಬಂದಿದ್ದೆ," ಎಂದ. ಅವನ ಮುಖ ಒಂದು ಗಳಿಗೆ ಅರಳಿತು. "ಮರಿ ಹಾಕ್ಯಾವ."

ಮರುದಿನ ಬಾದಾಮಿ ನ್ಯಾಯಾಲಯ ಅವನಿಗೆ ಜಾಮೀನು ಕೊಟ್ಟಿತು. ಶುಕ್ರವಾರದ ಸಭೆಯಲ್ಲಿ ಕೆಂಪುಗುಂಡಿ ಮುಚ್ಚುವ ಸಾಲನ್ನು ಹೊಡೆದುಹಾಕಿದರು. ಮುಬಶೀರಾ ತನ್ನ ಕೋಷ್ಟಕದಲ್ಲಿ ಆ ಹೊಂಡದ ಐದು ವರ್ಷಗಳನ್ನು ಖಾಲಿ ಬಿಟ್ಟಳು. 1988ರಿಂದ 2016ರವರೆಗಿನ ಅಂಕಿಗಳಲ್ಲಿ ಒಂದನ್ನೂ ಮುಟ್ಟಲಿಲ್ಲ.